ಹೊಂಬಾಳಮ್ಮನ ಕಾರಿಗೆ ಪುಟ್ಟ ಸೆಲ್ಫು ಸಿಕ್ಕಿದ್ದು

ಒಂದಾನೊಂದು ಊರಿನಲ್ಲಿ ಒಂದು ಕೆಂಪು ರೇಸು ಕಾರಿತ್ತು. ಊರು ಚಿಕ್ಕದು, ಕಾರು ಜೋರು. ಕಾರು ಹೊರಟಿತು ಅನ್ನುವಷ್ಟರಲ್ಲಿ ಊರೇ ಮುಗಿದುಹೋಗುತ್ತಿತ್ತು. ಬೆಂಕಿ ಹತ್ತಿರ ಸರಿದು ಕೂತ್ಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಬಾಯಿ ಹಾಕಿದರೆ ಕತೆ ಮೊದಲಿಂದ ಶುರುವಾಗುತ್ತೆ, ಹೇಳಿದ್ದೀನಿ.

ಆ ಕಾರಿನ ಯಜಮಾನಿ ಹೊಂಬಾಳಮ್ಮ. ಕಾರಿಗೆ ವಯಸ್ಸಾಗಿತ್ತು, ಗತ್ತು ಮಾತ್ರ ಇಳಿದಿರಲಿಲ್ಲ. ಅದರ ಹೊಟ್ಟೆಯೊಳಗೆ ಒಂದು ದಪ್ಪ ಸೆಲ್ಫ್ ಮೋಟರು ಕೂತಿತ್ತು. ಕೀಲಿ ತಿರುಗಿಸಿದಾಗ ಇಂಜಿನನ್ನು ಎಬ್ಬಿಸುವುದು ಸೆಲ್ಫಿನ ಕೆಲಸ. ಇದು ಕೂತಿದ್ದದ್ದು ಸೈಲೆನ್ಸರ್ ಕೊಳವೆಯ ಪಕ್ಕದಲ್ಲಿ. ಕೊಳವೆ ಕಾದರೆ ಇದಕ್ಕೂ ಮೈ ಕಾಯುತ್ತಿತ್ತು. ಮೈ ಕಾದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ‘ನಾಳೆ ನೋಡೋಣ’ ಅಂತ ಮುಖ ಊದಿಸಿಕೊಂಡು ಕೂರುತ್ತಿತ್ತು.

ಒಂದು ಸಲ ಹಾಗೆ ಕೂತಾಗ ಊರಿಗೆ ಊರೇ ಬಂದು ಕಾರು ತಳ್ಳಿತು. ತಳ್ಳೋರು ಬೆವರು ಒರೆಸಿಕೊಂಡು ನಕ್ಕರು. ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಈ ಜನ್ಮದಲ್ಲಿ ಕಾರು ಆಫ್ ಮಾಡಲ್ಲ ಅಂತ ಅಲ್ಲೇ ಹಟ ಹಿಡಿದಳು.

ಮಾಡಲೂ ಇಲ್ಲ. ನಿಲ್ಲಿಸಿದರೆ ಉಸಿರು ಕಟ್ಟಿ ಆರಿಹೋಗುವ ಜಾತಿಯ ಕಾರು ಅದು. ಹಾಗಾಗಿ ಓಡುತ್ತಲೇ ಇರಬೇಕಾಯಿತು. ಹೊಂಬಾಳಮ್ಮ ಓಡೋ ಕಾರಲ್ಲೇ ಉಂಡಳು, ಓಡೋ ಕಾರಲ್ಲೇ ತಲೆ ಬಾಚಿಕೊಂಡಳು. ಪೆಟ್ರೋಲು ಹೇಗೆ ಹಾಕಿಸ್ತಿದ್ದಳು ಅಂತ ಕೇಳೋರು ಎದ್ದು ಹೋಗಿ ಮಲಗಬಹುದು.

ಅವಳ ತಂಗಿ ಚಿಕ್ಕತಾಯಮ್ಮ ಪಕ್ಕದೂರಲ್ಲಿದ್ದಳು. ವರ್ಷಕ್ಕೊಂದು ಸಲ ಹೊಂಬಾಳಮ್ಮ ತಂಗಿಯನ್ನು ನೋಡಲು ಹೋಗುವಳು, ಆದರೆ ಇಳಿಯುವಂತಿಲ್ಲವಲ್ಲ. ತಂಗಿ ಮನೆ ಸುತ್ತ ಸುತ್ತು ಹೊಡೆಯುವಳು. ತಂಗಿ ಕಾಫಿ ಲೋಟ ಹಿಡಿದು ಕಾರಿನ ಜೊತೆ ಓಡುವಳು. ಒಂದು ಸುತ್ತಿಗೆ ಒಂದು ಗುಟುಕು. ಒಂದು ಸುತ್ತಿಗೆ ಒಂದು ಮಾತು. ‘ಚೆನ್ನಾಗಿದ್ದೀಯಾ’ ಅಂತ ಈ ಸುತ್ತಲ್ಲಿ ಕೇಳಿದರೆ ‘ಹೂಂ’ ಅನ್ನೋದು ಮುಂದಿನ ಸುತ್ತಲ್ಲಿ ಬರುತ್ತಿತ್ತು.

ಈ ಸಲ ಹೋದಾಗ ತಂಗಿ ಓಡಲಿಲ್ಲ. ಜಗಲಿ ಮೇಲೆ ಕೂತಿದ್ದಳು. ಹೊಂಬಾಳಮ್ಮ ಸುತ್ತು ಹೊಡೆದಳು. ತಂಗಿ ಸುತ್ತಿಗೊಂದು ತುಂಡು ಮಾತಾಡಿದಳು.

“ಅಕ್ಕಾ, ನನ್ನ ಕಾಲು ಸೋತುಹೋದವು.”

“ಇನ್ನು ನಿನ್ನ ಹಿಂದೆ ಓಡಕ್ಕಾಗಲ್ಲ.”

“ಬರೋ ಸಲ ಬಂದರೆ ಇಳಿದು ನನ್ನ ಪಕ್ಕ ಕೂತ್ಕೊ.”

ನಾಲ್ಕನೇ ಸುತ್ತಿಗೆ ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಬಾಗಿಲ ಹಿಂದಿನಿಂದ, ಇಳಿಯೋದಿದ್ದರೆ ಬಾ, ಇಲ್ಲಾಂದ್ರೆ ಬರಲೇಬೇಡ ಅಂತ ಕೇಳಿಸಿತು.

ಹೊಂಬಾಳಮ್ಮ ಮುಚ್ಚಿದ ಬಾಗಿಲನ್ನು ನೋಡಿಕೊಂಡೇ ಇನ್ನೊಂದು ಸುತ್ತು ಹೊಡೆದಳು. ಆಗಲೇ ತೀರ್ಮಾನ ಮಾಡಿದಳು. ಹೊಸ ಸೆಲ್ಫು ಹಾಕಬೇಕು. ತಂಗಿ ಪಕ್ಕ ಕೂರಬೇಕು. ಬೇರೆ ಮಾತೇ ಇಲ್ಲ.

ಹೋದಳು ಬಿಡಿಭಾಗದ ಅಂಗಡಿಗೆ. ಅಂಗಡಿ ಸುತ್ತ ಸುತ್ತು ಶುರುವಾಯಿತು. ಕಟ್ಟೆ ಮೇಲೆ ಮೂರು ಮೋಟರು ಕೂತಿದ್ದವು. ಕಾದರೆ ಏನು ಮಾಡ್ತೀರಿ ಅಂತ ಎಲ್ಲಕ್ಕೂ ಒಂದೇ ಪ್ರಶ್ನೆ ಹಾಕಿದಳು.

ಮೊದಲನೆಯದು ಹಳೆಯದರ ಹಾಗೇ ದಪ್ಪ. ಕಾದರೆ ಮುನಿಸಿಕೊಳ್ತೀನಿ, ದೊಡ್ಡವರ ಲಕ್ಷಣ ಅಂದಿತು. ಎರಡನೆಯದು ಬಲು ಸಣ್ಣ, ಬಲು ಚೆಂದ. ಇಂಜಿನನ್ನು ತಿರುಗಿಸೋ ಫ್ಲೈವೀಲು ಚಕ್ರದ ಹಲ್ಲಿಗೂ ನನ್ನ ಹಲ್ಲಿಗೂ ಕೂಡಿಬರಲ್ಲ, ಆದರೆ ನಗೋಕೆ ತೊಂದರೆ ಇಲ್ಲ ಅಂತ ಹಲ್ಲು ಕಿರಿಯಿತು. ಮೂರನೆಯದು ತೆಂಗಿನಕಾಯಿ ಗಾತ್ರದ್ದು. ಅದು ಹೊಂಬಾಳಮ್ಮನನ್ನೇ ತಿರುಗಿ ಕೇಳಿತು.

“ಸುಡೋ ಕೊಳವೆ ಪಕ್ಕ ಯಾಕೆ ಕೂರಬೇಕಮ್ಮಾ? ನನ್ನ ಮೈ ಸಣ್ಣದು. ಮುಖ ತಿರುಗಿಸಿ ದೂರ ಕೂರ್ತೀನಿ.”

ಶಕ್ತಿ ಸಾಲುತ್ತಾ ಅಂತ ಮುಂದಿನ ಸುತ್ತಲ್ಲಿ ಕೇಳಿದಳು. ಹೊಟ್ಟೆಯಲ್ಲಿ ಹಲ್ಲುಚಕ್ರದ ಗೇರ್ ಇದೆ, ನಾನು ಒಳಗೆ ಬೇಗಬೇಗ ಸುತ್ತಿ ಹೊರಗೆ ನಿಧಾನವಾಗಿ ಗಟ್ಟಿಯಾಗಿ ದೂಡ್ತೀನಿ ಅಂದಿತು. ಹೊಂಬಾಳಮ್ಮನಿಗೆ ಅದು ಹಿಡಿಸಿತು. ತಾನೂ ಸುತ್ತೋಳೇ ಅಲ್ಲವೇ. ಕಿಟಕಿಯಿಂದ ಕೈ ಚಾಚಿ ಎತ್ತಿಕೊಂಡಳು.

ಅಷ್ಟರಲ್ಲಿ ಅಡ್ಡ ಬಂದ ನೋಡಿ, ಆ ಸೀಮೆಯ ದೊರೆ ತೂಗಪ್ಪ.

ತೂಗಪ್ಪನಿಗೆ ತೂಕದ ಹುಚ್ಚು. ಅವನ ಸೀಮೆಯಲ್ಲಿ ಏನನ್ನು ಬದಲಾಯಿಸಿದರೂ ಹಳೆಯದರಷ್ಟೇ ತೂಕದ್ದು ತರಬೇಕು. ಕೋಳಿ ಹೋದರೆ ಅದೇ ತೂಕದ ಕೋಳಿ. ಮಂತ್ರಿ ಸತ್ತರೆ ಅದೇ ತೂಕದ ಮಂತ್ರಿ. ಹೋದ ಸಲ ಮಂತ್ರಿ ಸಿಗದೆ ಎರಡು ಮೂಟೆ ಕಡಲೆಕಾಯಿಗೆ ಪೇಟ ಸುತ್ತಿ ಕೂರಿಸಿದ್ದ. ಆಡಳಿತ ಚೆನ್ನಾಗೇ ನಡೀತಿತ್ತು.

ದೊರೆ ತಕ್ಕಡಿ ತರಿಸಿದ. ಪುಟ್ಟ ಸೆಲ್ಫು ತೂಕ ಕಮ್ಮಿ ಬಂದರೆ ಕಾರನ್ನು ಅರಮನೆ ತಕ್ಕಡಿಗೆ ತೂಕದ ಕಲ್ಲು ಮಾಡಿಕೊಳ್ತೀನಿ ಅಂತ ಸಾರಿದ. ಕಾರು ಹೆದರಿ ಎರಡು ಸಲ ಕೆಮ್ಮಿತು. ಕಾರು ಹೋದರೆ ತಂಗಿ ಮನೆ ಬಾಗಿಲೂ ಹೋದ ಹಾಗೇ ಅಂತ ಹೊಂಬಾಳಮ್ಮನಿಗೆ ಗೊತ್ತಿತ್ತು.

ಹಳೆಯದನ್ನು ಬಿಚ್ಚಬೇಕಲ್ಲ? ಓಡೋ ಕಾರಿಗೆ ಸೆಲ್ಫು ಯಾತಕ್ಕೆ, ಬಿಚ್ಚಿದರೆ ನಷ್ಟವಿಲ್ಲ. ಸೆರಗಿನ ತುಂಡು ಹರಿದು ಸ್ಟೇರಿಂಗಿಗೆ ಕಟ್ಟಿ, ಕಾರಿಗಿಂತ ಒಂಚೂರು ಜೋರಾಗಿ ತೆವಳಿಕೊಂಡು ಅದರ ಕೆಳಗೆ ಹೋದಳು. ಬಿಚ್ಚಿದಳು. ತಂದು ತಕ್ಕಡಿಗಿಟ್ಟಳು. ಕಾರು ತಾನೇ ತಕ್ಕಡಿಯನ್ನು ಸುತ್ತುತ್ತಿತ್ತು. ಈ ಉಪಾಯ ತಂಗಿ ಮನೆಯಲ್ಲಿ ಯಾಕೆ ಹೊಳೀಲಿಲ್ಲ ಅಂತ ಕೇಳೋರೂ ಎದ್ದು ಹೋಗಿ ಮಲಗಬಹುದು.

ದಪ್ಪನದು ಕೂತ ತಟ್ಟೆ ನೆಲಕ್ಕೆ ಬಡಿಯಿತು. ಪುಟ್ಟದು ಆಕಾಶಕ್ಕೆ ಹೋಯಿತು. ದೊರೆ ಮೀಸೆ ತಿರುವಿದ.

ಹೊಂಬಾಳಮ್ಮ ಜಗ್ಗಲಿಲ್ಲ. ತಕ್ಕಡಿ ಮುಂದೆ ಕಾಲು ಮಡಚಿ ಕೂತಳು. ಕಬ್ಬಿಣ ಇಷ್ಟು ಭಾರ ಇರಲ್ಲ, ಇದರೊಳಗೆ ಬೇರೇನೋ ತುಂಬಿದೆ ಅಂದಳು. ಹಳೇ ಮೋಟರಿನ ಮುಖ ನೋಡಿ ಕೇಳಿದಳು.

“ಯಾಕೆ ಸ್ಟಾರ್ಟ್ ಆಗ್ತಿರಲಿಲ್ಲ ನೀನು?”

“ಅವತ್ತು ಅಮಾವಾಸ್ಯೆ” ಅಂದಿತು ಮೋಟರು. ಹಾಗಂದದ್ದೇ ಅದರ ಬಾಯಿಂದ ಒಂದು ನೆಪ ದೊಪ್ಪನೆ ಕೆಳಗೆ ಬಿತ್ತು. ತಟ್ಟೆ ಒಂದು ಬೆರಳು ಮೇಲೆದ್ದಿತು.

“ಇನ್ನೂ?”

ಬ್ಯಾಟರಿ ನನ್ನನ್ನು ಮಾತಾಡಿಸಲಿಲ್ಲ ಅಂದಿತು. ದೊಪ್. ನಮ್ಮ ಕಾಲದಲ್ಲಿ ಕೀಲಿ ಹೀಗೆ ತಿರುಗಿಸ್ತಿರಲಿಲ್ಲ ಅಂದಿತು. ದೊಪ್. ತಳ್ಳೋಕೆ ಜನ ಇದ್ದಾರಲ್ಲ, ಅವರಿಗೂ ಕೆಲಸ ಬೇಡವಾ ಅಂದಿತು. ದೊಪ್ ದೊಪ್. ಅದು ಜೋಡಿ ನೆಪ.

“ಇನ್ನೂ?” ಅಂದಳು ಹೊಂಬಾಳಮ್ಮ. ಬಿಸಿಲು ಇಳಿಯಿತು, “ಇನ್ನೂ?” ಅಂದಳು. ದೊರೆ ಆಕಳಿಸಿದ, “ಇನ್ನೂ?” ಅಂದಳು. ನೆಲದ ತುಂಬ ನೆಪ ಬಿದ್ದವು. ಕೋಳಿಗಳು ಬಂದು ಕುಕ್ಕಿ ನೋಡಿ, ರುಚಿಯಿಲ್ಲ ಅಂತ ಹೋದವು. ಕೊನೆಗೆ ಎರಡು ತಟ್ಟೆಗೂ ಕೂದಲೆಳೆ ವ್ಯತ್ಯಾಸ ಉಳಿಯಿತು.

ಆಗ ಹಳೇ ಮೋಟರು ತಗ್ಗಿದ ದನಿಯಲ್ಲಿ, ನಾನೂ ಒಂದು ಕಾಲದಲ್ಲಿ ಒಂದೇ ಸಲಕ್ಕೆ ಎಬ್ಬಿಸ್ತಿದ್ದೆ ಕಣಮ್ಮಾ ಅಂದಿತು.

ಆ ಮಾತು ಕೆಳಗೆ ಬೀಳಲಿಲ್ಲ. ಅದು ನೆಪವಾಗಿರಲಿಲ್ಲ. ಹೊಂಬಾಳಮ್ಮನಿಗೆ ಅಯ್ಯೋ ಪಾಪ ಅನಿಸಿತು. ಎಬ್ಬಿಸ್ತಿದ್ದೆ ಕಣಪ್ಪಾ, ನಂಗೆ ನೆನಪಿದೆ ಅಂತ ಅದರ ಮೈ ಸವರಿದಳು. ಮೋಟರು ಒಂದು ನಿಟ್ಟುಸಿರು ಬಿಟ್ಟಿತು. ಕೂದಲೆಳೆಯಷ್ಟು ತೂಕ ಅದರಲ್ಲಿ ಹೋಯಿತು. ತಕ್ಕಡಿ ಸಮಕ್ಕೆ ನಿಂತಿತು.

ದೊರೆ ಮೀಸೆ ಇಳಿಸಿ, ಕಾರು ನಿನ್ನದೇ ಅಂದ. ಆದರೆ ಅಷ್ಟೊಂದು ತೂಕ ನೆಲದ ಪಾಲಾಗೋದು ಅವನ ಕೈಲಿ ನೋಡಕ್ಕಾಗಲಿಲ್ಲ. ನೆಪಗಳನ್ನೆಲ್ಲ ಗುಡಿಸಿ ಅರಮನೆಗೆ ಹೊರಿಸಿದ. ಅವತ್ತಿಂದ ಅರಮನೆಗೆ ಯಾವ ಕೆಲಸಕ್ಕೆ ಹೋದರೂ ‘ಇವತ್ತು ಅಮಾವಾಸ್ಯೆ’ ಅಂತಾರೆ.

ಹೊಂಬಾಳಮ್ಮ ಪುಟ್ಟ ಸೆಲ್ಫನ್ನು ಕೊಳವೆಯಿಂದ ದೂರ ಮುಖ ಮಾಡಿ ಕೂರಿಸಿದಳು. ಹಳೆಯದನ್ನು ಹಿಂದಿನ ಸೀಟಲ್ಲಿ ದಿಂಬು ಕೊಟ್ಟು ಕೂರಿಸಿದಳು. ನೆಟ್ಟಗೆ ತಂಗಿ ಮನೆಗೆ ಹೋದಳು. ಬಾಗಿಲಿಗೆ ಬಂದಳು. ಕಾರಿನ ಕೊಳವೆ ಕೆಂಡವಾಗಿ ಕಾದಿತ್ತು. ಕಾದರೆ ಕಾಯಲಿ ಅಂತ ಆಫ್ ಮಾಡಿದಳು.

ಬೀದಿಯಲ್ಲಿ ಅಷ್ಟು ದೊಡ್ಡ ಸದ್ದು ನಿಂತಾಗ ಜನ ಏನಾಯಿತೋ ಅಂತ ಹೊರಗೆ ಓಡಿಬಂದರು. ಬಾಗಿಲು ತೆರೆಯಿತು. ಚಿಕ್ಕತಾಯಮ್ಮ ಗೋಡೆ ಹಿಡಿದು ನಿಧಾನವಾಗಿ ಬಂದಳು. ಅಕ್ಕ ಇಳಿದಿದ್ದು ನೋಡಿ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಕಾಫಿ ತಂದಳು. ಇಬ್ಬರೂ ಜಗಲಿ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು.

ಹೊಂಬಾಳಮ್ಮ ಮೊದಲ ಸಲ ಲೋಟ ಪೂರ್ತಿ ಕುಡಿದಳು. ಮುಖ ಹುಳ್ಳಗೆ ಮಾಡಿದಳು.

“ಇಷ್ಟು ವರ್ಷ ಇಷ್ಟು ಕೆಟ್ಟ ಕಾಫಿ ಕೊಡ್ತಿದ್ದೆಯಾ?”

“ಇಳಿದಿದ್ದರೆ ಅವತ್ತೇ ಗೊತ್ತಾಗ್ತಿತ್ತು” ಅಂದಳು ತಂಗಿ.

ಅಕ್ಕ ಖಾಲಿ ಲೋಟ ತಂಗಿ ಕೈಗಿಟ್ಟು, ಇನ್ನೊಂದು ಲೋಟ ಮಾಡ್ಕೊಂಡು ಬಾ ಅಂದಳು. ಹೊರಡೋಣವಾ ಅಂತ ಪುಟ್ಟ ಸೆಲ್ಫು ಕೇಳಿತು. ಯಾವಾಗ ಬೇಕಾದರೂ ಎಬ್ಬಿಸ್ತೀಯಲ್ಲ, ಸುಮ್ನೆ ಕೂತ್ಕೊ ಅಂತ ಹೊಂಬಾಳಮ್ಮ ಗದರಿದಳು.

ನೀತಿ ಏನಪ್ಪಾ ಅಂದ್ರೆ, ಸೆಲ್ಫು ಕೊಳ್ಳೋಕೆ ಹೋದಾಗ ಚಿಕ್ಕದನ್ನೇ ತನ್ನಿ, ಹಳೆಯದಕ್ಕೆ ದಿಂಬು ಕೊಡಿ. ಕಾರು ಇನ್ನೂ ಆ ಬಾಗಿಲಲ್ಲೇ ನಿಂತಿದೆ, ಕಾಫಿ ಇನ್ನೂ ಕೆಟ್ಟದಾಗೇ ಇದೆ. ಕತೆ ಆಫ್ ಮಾಡಿದ್ದೀನಿ, ತಳ್ಳಬೇಡಿ, ಎದ್ದು ಮನೆಗೆ ನಡೀರಿ.