ಮುದುಕಿಯ ಕೈ, ಚಕ್ರವರ್ತಿಯ ತೋಳು

“ಗುರುಗಳೇ, ನಿಯಮ ದೊಡ್ಡದೋ, ಪ್ರೀತಿ ದೊಡ್ಡದೋ?” ಎಂದು ಶಿಷ್ಯ ಕೇಳಿದ.

ಇಂಥ ಪ್ರಶ್ನೆ ಎಂದರೆ ಗುರುಗಳಿಗೆ ಹಬ್ಬ. ಆಶ್ರಮಕ್ಕೆ ಬರುವ ಮೊದಲು ಅವರು ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳಿದವರು. ನಿವೃತ್ತರಾದದ್ದು ಕೆಲಸದಿಂದ, ಮಾತಿನಿಂದಲ್ಲ. ಕಾಲು ಮಡಚಿ ಸರಿಯಾಗಿ ಕೂತರು.

“ಉತ್ತರ ಆಮೇಲೆ. ಮೊದಲು ನೀನೊಂದು ಊಹೆ ಮಾಡು. ಪಾರಸಿಕ ದೇಶದ ಚಕ್ರವರ್ತಿ ಒಂದು ದಿನ ತುಂಬಿದ ಸಭೆಯಲ್ಲಿ ಎಡವಿದ. ಸುತ್ತ ಸಾಮಂತರು, ಸೇನಾಪತಿಗಳು, ಮೈಗಾವಲಿನವರು. ಏನಾಗಿರಬಹುದು?”

“ಎಲ್ಲರೂ ಓಡಿಬಂದು ಹಿಡಿದುಕೊಂಡರು.”

“ಒಬ್ಬನೂ ಅಲುಗಲಿಲ್ಲ.”

“ಅಷ್ಟು ಕೆಟ್ಟವನೇ ಆ ಚಕ್ರವರ್ತಿ?”

“ಒಳ್ಳೆಯವನೇ ಕಣಯ್ಯ! ಅವನು ಬಿದ್ದರೆ ಅಳುವವರೇ ಅಲ್ಲಿ ನಿಂತಿದ್ದರು. ಆದರೂ ಅಲುಗಲಿಲ್ಲ. ಅಲ್ಲಿಂದಲೇ ಕತೆ ಶುರು,” ಎಂದು ಗುರುಗಳು ಹೇಳತೊಡಗಿದರು.

ಅದು ಬಹಳ ದೊಡ್ಡ ಸಾಮ್ರಾಜ್ಯ. ಇತ್ತ ನಮ್ಮ ಸಿಂಧೂ ನದಿ, ಅತ್ತ ಈಜಿಪ್ಟಿನ ನೈಲ್ ನದಿ. ನಡುವೆ ಇದ್ದದ್ದೆಲ್ಲ ಅವನದೇ. ಚಳಿಗಾಲಕ್ಕೆ ಒಂದು ರಾಜಧಾನಿ, ಬೇಸಿಗೆಗೆ ಇನ್ನೊಂದು. ಗಾವುದ ಗಾವುದಕ್ಕೆ ಕುದುರೆ ಬದಲಿಸುತ್ತ ಓಡುವ ಅಂಚೆಯವರು. ಇದೆಲ್ಲ ಕತೆಗೆ ಬೇಕಾಗಿಲ್ಲ. ಆದರೆ ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಕತೆಗೆ ಬೇಕಾದದ್ದು ಒಂದೇ, ಅವರ ಅಂಗಿಯ ತೋಳು. ಸಭೆಗೆ ಬರುವವರೆಲ್ಲ ಉದ್ದ ತೋಳಿನ ನಿಲುವಂಗಿ ತೊಡಬೇಕು. ತೋಳು ಬೆರಳಿನ ತುದಿ ದಾಟಿ ಒಂದು ಗೇಣು ಜೋತಾಡುತ್ತಿರಬೇಕು. ಚಕ್ರವರ್ತಿಯ ಎದುರು ಅವನೊಬ್ಬನ ಹೊರತು ಎಲ್ಲರ ಕೈಯೂ ಅದರೊಳಗೇ ಇರಬೇಕು; ಏನು ಹಿಡಿದರೂ ತೋಳಿನ ಬಟ್ಟೆಯ ಮೇಲಿಂದಲೇ ಹಿಡಿಯಬೇಕು. ಹಿಂದೆ ಯಾವನೋ ಕೈಯಲ್ಲಿ ಚೂರಿ ಬಚ್ಚಿಟ್ಟುಕೊಂಡು ಬಂದಿದ್ದನಂತೆ. ಆಗಿನ ದೊರೆ ಆಜ್ಞೆ ಬರೆಸಿದ: ‘ಸಭೆ ಏಳುವವರೆಗೆ ಕೈ ತೋಳಿನೊಳಗಿರತಕ್ಕದ್ದು. ಹೊರಗೆ ಕಂಡ ಕೈಯನ್ನು ಆ ಸಭೆಯಲ್ಲೇ ಕತ್ತರಿಸತಕ್ಕದ್ದು.’ ಮುದ್ರೆ ಬಿತ್ತು. ಮುದ್ರೆ ಬಿದ್ದ ಆಜ್ಞೆಯನ್ನು ಆ ದೇಶದಲ್ಲಿ ಚಕ್ರವರ್ತಿಯೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಚೂರಿಯವನು ಸತ್ತ, ಆ ದೊರೆಯೂ ಸತ್ತ. ಆಜ್ಞೆ ಮಾತ್ರ ಬದುಕಿತ್ತು.

ನಮ್ಮ ಚಕ್ರವರ್ತಿ ಆ ಆಜ್ಞೆಯ ನಡುವೆಯೇ ಹುಟ್ಟಿದವನು. ಅವನ ಎದುರಿಗೆ ಬಂದವರಿಗೆಲ್ಲ ಮುಖ ಇತ್ತು, ಕೈ ಇರಲಿಲ್ಲ.

ಆ ದಿನ ಎಲ್ಲ ದೇಶಗಳವರೂ ಕಾಣಿಕೆ ತಂದಿದ್ದರು. ಒಂಟೆ ತಂದವರಿದ್ದರು, ಟಗರು ತಂದವರಿದ್ದರು, ಸಿಂಹದ ಮರಿ ತಂದ ಪುಣ್ಯಾತ್ಮರೂ ಇದ್ದರು. ಅವರ ನಡುವೆ ಗುಡ್ಡಗಾಡಿನಿಂದ ಬಂದ ಒಬ್ಬ ಮುದುಕಿ. ತಾನೇ ನೇಯ್ದ ಕಂಬಳಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು. ಬಾಗಿಲಲ್ಲಿ ಕಾವಲಿನವನು ಅವಳಿಗೂ ಒಂದು ನಿಲುವಂಗಿ ತೊಡಿಸಿದ.

“ಇದರೊಳಗೆ ಇನ್ನೊಬ್ಬಳು ಹಿಡಿಸುತ್ತಾಳಲ್ಲಪ್ಪಾ!” ಎಂದಳು ಮುದುಕಿ.

“ಮಾತಾಡಬೇಡಮ್ಮ. ಏನೇ ಆಗಲಿ, ಕೈ ಮಾತ್ರ ಹೊರಗೆ ತೆಗೆಯಬೇಡ,” ಎಂದ ಕಾವಲಿನವನು.

ಚಕ್ರವರ್ತಿ ಒಳಗೆ ಬಂದ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ತಾವರೆ. ಅವನ ಪಾದ ನೆಲಕ್ಕೆ ತಾಕಬಾರದೆಂದು ದಾರಿಯುದ್ದಕ್ಕೂ ರತ್ನಗಂಬಳಿ ಹಾಸಿದ್ದರು. ಅರಮನೆಯ ಮೆಟ್ಟಿಲುಗಳೂ ಎಷ್ಟು ತಗ್ಗು ಎಂದರೆ ಎಡವಬೇಕೆಂದು ಹಟ ಹಿಡಿದವನೂ ಎಡವುವಂತಿರಲಿಲ್ಲ. ಆದರೆ ರತ್ನಗಂಬಳಿ ಒಂದು ಕಡೆ ಮಡಚಿಕೊಂಡಿತ್ತು. ಕಾಲು ಅದಕ್ಕೇ ಸಿಕ್ಕಿತು. ದಂಡ ಒಂದು ಕಡೆ ಹೋಯಿತು, ತಾವರೆ ಒಂದು ಕಡೆ. ಚಕ್ರವರ್ತಿ ಮುಂದಕ್ಕೆ ವಾಲಿದ. ಕೆಳಗೆ ಕಲ್ಲಿನ ಅಂಚು.

ಸಾಮಂತರು ಕಣ್ಣು ಮುಚ್ಚಿಕೊಂಡರು. ಸೇನಾಪತಿಗಳು ತುಟಿ ಕಚ್ಚಿದರು. ತೋಳುಗಳೊಳಗೆ ನೂರಾರು ಕೈಗಳು ಮುಷ್ಟಿ ಬಿಗಿದವು. ಒಂದೂ ಹೊರಗೆ ಬರಲಿಲ್ಲ.

ಎರಡು ಬಂದವು. ದಾರಿಯ ಪಕ್ಕದಲ್ಲೇ ನಿಂತಿದ್ದ ಮುದುಕಿ ನಿಲುವಂಗಿಯ ತೋಳನ್ನು ಸರ್ರನೆ ಮೇಲಕ್ಕೆಳೆದು, ಓಡುವ ಕುರಿಮರಿಯನ್ನು ಹಿಡಿಯುವಂತೆ ಚಕ್ರವರ್ತಿಯ ಎದೆಗೊಂದು ಕೈ, ಬೆನ್ನಿಗೊಂದು ಕೈ ಕೊಟ್ಟು ಹಿಡಿದು ನಿಲ್ಲಿಸಿದಳು. ಹಿಡಿದವಳು ಸುಮ್ಮನಿದ್ದಳೇ? ಬೆನ್ನಿನ ಮೇಲೆ ಒಂದು ಗುದ್ದೂ ಹಾಕಿದಳು.

“ಕಣ್ಣು ಎಲ್ಲಿಟ್ಟುಕೊಂಡು ನಡೀತೀಯ ಮಗಾ? ಬಿದ್ದಿದ್ದರೆ ಹಲ್ಲು ಉಳೀತಿತ್ತಾ?”

ಚಕ್ರವರ್ತಿ ನಿಂತಲ್ಲೇ ನಿಂತ. ತಾಯಿ ತೀರಿಕೊಂಡ ಮೇಲೆ ಅವನನ್ನು ಗದರಿಸಿದವರಿಲ್ಲ, ಹೀಗೆ ಹಿಡಿದವರಂತೂ ಇಲ್ಲವೇ ಇಲ್ಲ. ಎದೆಯ ಮೇಲೆ ಆ ಕೈ ಇನ್ನೂ ಇತ್ತು. ಒರಟು ಕೈ. ಉಣ್ಣೆಯ ವಾಸನೆ. ಬೆಚ್ಚಗಿತ್ತು.

ನ್ಯಾಯಾಧಿಪತಿ ಮುಂದೆ ಬಂದ. ಅವನೂ ಕೆಟ್ಟವನಲ್ಲ.

“ಪ್ರಭು, ಈಕೆ ತಮ್ಮ ಪ್ರಾಣ ಉಳಿಸಿದಳು. ಆದರೆ ಕೈ ಹೊರಗೆ ಕಂಡಿತು. ಆಜ್ಞೆ ತಮಗೆ ಗೊತ್ತಿದೆ.”

ಕೊಡಲಿ ಹಿಡಿದವನು ಬಂದು ನಿಂತ. ಮುದುಕಿಗೆ ಆಗ ಅರ್ಥವಾಯಿತು. ತನ್ನ ಕೈಗಳನ್ನೊಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

“ಈ ಎರಡೇ ಇರೋದು ಕಣಪ್ಪಾ ನನಗೆ. ಇವು ಹೋದರೆ ಮಗ್ಗದಲ್ಲಿ ಯಾರು ಕೂರುತ್ತಾರೆ? ಮೊಮ್ಮಗಳಿಗೆ ತಾಯಿಲ್ಲ. ಅವಳಿಗೆ ಜಡೆ ಯಾರು ಹಾಕುತ್ತಾರೆ?”

ಚಕ್ರವರ್ತಿ ನ್ಯಾಯಾಧಿಪತಿಯನ್ನು ಕೇಳಿದ: “ಕ್ಷಮಿಸಬಹುದೇ?”

“ಮುದ್ರೆ ಬಿದ್ದಿದೆ, ಪ್ರಭು. ಇದೊಂದನ್ನು ತಾವು ಮುರಿದರೆ, ನಾಳೆ ನಮ್ಮ ಮಾತನ್ನು ಯಾವ ದೇಶವೂ ನಂಬುವುದಿಲ್ಲ. ತಮ್ಮ ಕಂದಾಯದ ರಿಯಾಯಿತಿಯನ್ನೂ ನಂಬುವುದಿಲ್ಲ, ಅಭಯವನ್ನೂ ನಂಬುವುದಿಲ್ಲ.”

ಚಕ್ರವರ್ತಿ ತಲೆಯಾಡಿಸಿದ. ಅದು ನಿಜವೆಂದು ಅವನಿಗೂ ಗೊತ್ತಿತ್ತು.

“ಆಜ್ಞೆಯನ್ನು ಇನ್ನೊಮ್ಮೆ ಓದಿ,” ಎಂದ.

ನ್ಯಾಯಾಧಿಪತಿ ಓದಿದ. ‘ಸಭೆ ಏಳುವವರೆಗೆ ಕೈ ತೋಳಿನೊಳಗಿರತಕ್ಕದ್ದು. ಹೊರಗೆ ಕಂಡ ಕೈಯನ್ನು ಆ ಸಭೆಯಲ್ಲೇ ಕತ್ತರಿಸತಕ್ಕದ್ದು.’

ಚಕ್ರವರ್ತಿ ಮುದುಕಿಯ ಎರಡೂ ಕೈಗಳನ್ನು ಹಿಡಿದ. ಹಿಡಿದು, ತನ್ನ ನಿಲುವಂಗಿಯ ಎಡತೋಳಿನೊಳಗೆ ಮೊಣಕೈವರೆಗೆ ಎಳೆದುಕೊಂಡ. ಪಾರಸಿಕ ಚಕ್ರವರ್ತಿಗಳ ತೋಳು ಎಂದರೆ ನಮ್ಮ ಕಡೆ ರಾಗಿ ತುಂಬುವ ಚೀಲದಷ್ಟು ಅಗಲ. ಎರಡು ಕೈ ಹೋದದ್ದು ಗೊತ್ತೇ ಆಗಲಿಲ್ಲ.

“ಕತ್ತರಿಸಿ,” ಎಂದ. “ಹೊರಗೆ ಕಾಣುವ ಕೈ ಎಲ್ಲಿದೆಯೋ ತೋರಿಸಿ ಕತ್ತರಿಸಿ. ಕೈ ತೋಳಿನೊಳಗಿದೆ. ಯಾರ ತೋಳು ಎಂದು ಆಜ್ಞೆ ಹೇಳಿಲ್ಲ.”

ಕೊಡಲಿಯವನು ನ್ಯಾಯಾಧಿಪತಿಯ ಮುಖ ನೋಡಿದ. ಕೊಡಲಿ ಹಾಕಿದರೆ ಚಕ್ರವರ್ತಿಯ ಮೈಗೇ ಬೀಳಬೇಕು. ನ್ಯಾಯಾಧಿಪತಿ ಆಜ್ಞೆಯ ಓಲೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದ. ಆಮೇಲೆ ಅದನ್ನು ನಿಧಾನವಾಗಿ ಸುತ್ತಿಟ್ಟ. ಮುಖದಲ್ಲಿ ನಗು ಕಾಣಬಾರದೆಂದು ಬಹಳ ಕಷ್ಟಪಡುತ್ತಿದ್ದ.

“ಆದರೆ ಪ್ರಭು, ಸಭೆ ಏಳುವವರೆಗೆ ಕೈ ಹೊರಗೆ ಬರುವಂತಿಲ್ಲ,” ಎಂದ.

“ಬರುವುದಿಲ್ಲ,” ಎಂದ ಚಕ್ರವರ್ತಿ.

ಕತೆಯ ಸೊಗಸು ಇರುವುದೇ ಇಲ್ಲಿ. ಕಾಣಿಕೆ ಕೊಡುವವರ ಸಾಲು ಊರ ಹೊರಗಿನವರೆಗೆ ಇತ್ತು. ಚಕ್ರವರ್ತಿ ಸಿಂಹಾಸನದ ಮೇಲೆ ಕೂತ. ಕೈ ಒಳಗಿದೆಯಲ್ಲ, ಮುದುಕಿ ದೂರ ಹೋಗುವುದೆಲ್ಲಿಗೆ? ಅವನು ಕಾಲಿಡುವ ಚಿನ್ನದ ಮಣೆಯ ಮೇಲೆ ಕೂತುಬಿಟ್ಟಳು. ಆ ಮಣೆಯನ್ನು ಅವನ ಪಾದದ ಹೊರತು ಬೇರೇನೂ ಮುಟ್ಟಿರಲಿಲ್ಲ. ಅದಕ್ಕೇನು ಶಿಕ್ಷೆ ಎಂದು ಯಾರೋ ಪಿಸುಗುಟ್ಟಿದರು. ಹೀಗೂ ಆದೀತು ಎಂದು ಯಾವ ದೊರೆಯೂ ಊಹಿಸದಿದ್ದುದರಿಂದ ಅದಕ್ಕೆ ಆಜ್ಞೆಯೇ ಇರಲಿಲ್ಲ.

ಒಂಟೆ ಬಂತು, ಟಗರು ಬಂತು, ಸಿಂಹದ ಮರಿ ಬಂತು. ದೇಶದೇಶದ ರಾಯಭಾರಿಗಳು ಬಂದು ತಲೆಬಾಗಿದರು. ತಲೆ ಎತ್ತಿದಾಗ ಕಂಡದ್ದು ಚಕ್ರವರ್ತಿ, ಅವನ ತೋಳಿಗೆ ಅಂಟಿಕೊಂಡ ಒಬ್ಬ ಮುದುಕಿ. ಏನೆಂದು ತಿಳಿಯಲಿ ಪಾಪ? ರಾಜಮಾತೆ ಇರಬೇಕೆಂದು ಅವಳಿಗೂ ಒಂದೊಂದು ನಮಸ್ಕಾರ ಹಾಕಿ ಹೋದರು.

ಮಧ್ಯಾಹ್ನ ಕಳೆಯಿತು. ಮುದುಕಿ ಮೆಲ್ಲಗೆ ಹೇಳಿದಳು: “ಮಗಾ, ಮೂಗು ತುರಿಸ್ತಿದೆ.”

ಚಕ್ರವರ್ತಿ ಮುಖ ಅಲುಗಿಸದೆ ಹೇಳಿದ: “ತಡೆದುಕೋ ಅವ್ವಾ. ಪಟ್ಟಕ್ಕೆ ಬಂದಾಗಿನಿಂದ ನನಗೂ ತುರಿಸುತ್ತಲೇ ಇದೆ.”

ಮುದುಕಿ ಬಿದ್ದುಬಿದ್ದು ನಕ್ಕಳು. ಆ ನಗುವಿಗೆ ಚಕ್ರವರ್ತಿಯ ತೋಳು ಕುಲುಕಿತು. ತೋಳು ಕುಲುಕಿದ್ದನ್ನು ಕಂಡು ಸಾಮಂತರು ನಕ್ಕರು. ಸ್ವಲ್ಪ ಹೊತ್ತಿಗೆ ಅವಳಿಗೆ ತೂಕಡಿಕೆ ಬಂತು. ಅವಳ ಕೈ ಜಾರೀತೆಂದು ಚಕ್ರವರ್ತಿ ತೋಳಿನೊಳಗೇ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ದೇಶಗಳ ಅಹವಾಲು ಕೇಳಿದ. ಅಂದು ಅವನು ಯಾರ ಮೇಲೂ ರೇಗಲಿಲ್ಲವಂತೆ.

ಹೊತ್ತು ಇಳಿದಾಗ ನ್ಯಾಯಾಧಿಪತಿ ಎದ್ದು, ಸಭೆ ಮುಗಿಯಿತು ಎಂದು ಸಾರಿದ. ‘ಆ ಸಭೆಯಲ್ಲೇ’ ಎಂದಿದ್ದ ಆಜ್ಞೆಗೆ ಇನ್ನು ಅವಳ ಕೈಯ ಮೇಲೆ ಅಧಿಕಾರವಿರಲಿಲ್ಲ. ಕೊಡಲಿಯವನು ಮೊದಲು ಹೊರಟುಹೋದ. ಚಕ್ರವರ್ತಿ ಮುದುಕಿಯ ಕೈಗಳನ್ನು ಹೊರಗೆ ತೆಗೆದು, ಜೋಮು ಹಿಡಿದಿದ್ದ ಅವನ್ನು ತಾನೇ ಉಜ್ಜಿ ಬಿಟ್ಟ. ಮುದುಕಿ ಊರಿಗೆ ಹೋದಳು. ಮೊಮ್ಮಗಳಿಗೆ ಜಡೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ಅಂತೂ ಪ್ರೀತಿಯೇ ದೊಡ್ಡದು ಎಂದಾಯಿತು, ಗುರುಗಳೇ.”

“ಅವನು ಆಜ್ಞೆಯ ಒಂದು ಅಕ್ಷರವನ್ನೂ ಮುರಿಯಲಿಲ್ಲವಲ್ಲಯ್ಯ.”

“ಹಾಗಾದರೆ ನಿಯಮವೇ ದೊಡ್ಡದೇ?”

“ಅವಳ ಕೈಯನ್ನೂ ಬಿಡಲಿಲ್ಲವಲ್ಲ.”

ಶಿಷ್ಯ ಇನ್ನಷ್ಟು ಹತ್ತಿರ ಸರಿದ. “ಮತ್ತೆ ಎರಡರಲ್ಲಿ ಹೆಚ್ಚಿನದು ಯಾವುದು? ಅದೊಂದನ್ನು ಹೇಳಿಬಿಡಿ,” ಎಂದ.

ಗುರುಗಳು ಹೇಳಿದರು: “ಇದೆಲ್ಲ ನಡೆದದ್ದು ಪಾರಸಿಕರ ಹೊಸ ವರ್ಷದ ಮೊದಲ ದಿನ, ವಸಂತದಲ್ಲಿ ಹಗಲೂ ಇರುಳೂ ಒಂದಕ್ಕೊಂದು ಸಮನಾಗಿ ಬರುತ್ತವಲ್ಲ, ಆ ದಿನ.”