ಬಿಳಿ ಎತ್ತಿನ ನೊಗ

ಅಮೆರಿಕದ ದಕ್ಷಿಣ ಸೀಮೆಯ ಹತ್ತಿ ಹೊಲವೊಂದರಲ್ಲಿ ಬಿಳಿ ಎತ್ತು, ಕರಿ ಎತ್ತು ಒಂದೇ ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿದ್ದವು. ಯಜಮಾನನ ಬಾರುಕೋಲು ಎರಡರ ಬೆನ್ನಿಗೂ ಬೀಳುತ್ತಿತ್ತು. ಆದರೆ ಬಿಳಿಯದರ ಕೊಂಬಿಗೆ ಮಾತ್ರ ಅವನು ಹಿತ್ತಾಳೆಯ ಕೊಂಬಣಸು ತೊಡಿಸಿದ್ದ. ಆ ಜಂಬದಲ್ಲಿ ಅದಕ್ಕೆ ಏಟಿನ ಉರಿ ಮರೆತುಹೋಗುತ್ತಿತ್ತು.

ಗುಲಾಮರಿಗೆಲ್ಲ ಬಿಡುಗಡೆಯೆಂದು ರಾಜಧಾನಿಯಿಂದ ಆಜ್ಞೆ ಬಂದ ದಿನ, ನೇಗಿಲು ಹೊಡೆಯುತ್ತಿದ್ದ ಗುಲಾಮ ಎಜ್ರಾ ಕೊಡಲಿ ಹಿಡಿದು ಎತ್ತುಗಳ ಬಳಿ ಬಂದ.

"ನಾನು ಹೊರಟೆ. ನಿಮ್ಮನ್ನೂ ಬಿಡಿಸಿಯೇ ಹೋಗುತ್ತೇನೆ," ಎಂದ.

"ನನ್ನನ್ನು ಬಿಡಿಸು, ಇವನನ್ನು ಬೇಡ," ಎಂದಿತು ಬಿಳಿ ಎತ್ತು. "ಇವನೂ ನನ್ನ ಹಾಗೆ ಬೇಕಾದಲ್ಲಿ ಮೇಯುವುದಾದರೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು?"

"ಇರುವುದು ಒಂದೇ ನೊಗ ಕಣಪ್ಪ. ಮುರಿದರೆ ಇಬ್ಬರೂ ಪಾರು."

"ಹಾಗಾದರೆ ಮುರಿಯಲೇಬೇಡ!"

ಎಜ್ರಾ ಮುರಿದೇಬಿಟ್ಟ. ಕರಿ ಎತ್ತು ಹೊಳೆಯ ಕಡೆ ನಡೆಯಿತು. ಅದು ಹೋದ ದಾರಿ ತನಗೆ ಬೇಡವೆಂದು ಬಿಳಿಯದು ಹೊಟ್ಟೆ ಉರಿದುಕೊಂಡು ನೇಗಿಲ ಪಕ್ಕದಲ್ಲೇ ನಿಂತಿತು.

ಮರುದಿನ ಯಜಮಾನ ಹೊಸ ನೊಗ ತಂದು, ಎರಡು ಎತ್ತಿನ ನೇಗಿಲನ್ನು ಅದೊಂದರ ಕುತ್ತಿಗೆಗೇ ಕಟ್ಟಿದ. ಬಾಯಲ್ಲಿ ನೊರೆ ಸುರಿಸುತ್ತ ಉಳುವಾಗ, ಹೊಳೆಯಾಚೆ ಮೇಯುತ್ತಿದ್ದ ಕರಿ ಎತ್ತು ಅದಕ್ಕೆ ಕಾಣಿಸಿತು.

ಬಿಳಿ ಎತ್ತು ಕೊಂಬೆತ್ತಿ ಕೂಗಿತು: "ನೋಡಿದೆಯೇನೋ? ಇಡೀ ನೊಗ ಈಗ ನನ್ನೊಬ್ಬನದೇ!"