ತಲೆಯೊಳಗೆ ಕೋಲು ಹಿಡಿದು ಬಂದವರು

ಲೋಕ ಹೊಸದಾಗಿದ್ದಾಗ, ಬೆಟ್ಟಗಳಿಗೂ ಇನ್ನೂ ಹೆಸರಿಡದೆ ಇದ್ದಾಗ, ಮಾರಪ್ಪ ಅಂತ ಒಬ್ಬ ತಾತ ಇದ್ದ. ಅವನಿಗೆ ಹೊನ್ನಿ ಅಂತ ಮೊಮ್ಮಗಳು.

ತಾತನ ತಲೆಯೊಳಗೆ ಒಂದು ಕತ್ತಲ ಕೋಣೆ. ಅಲ್ಲಿ ನೆನಪುಗಳ ವಾಸ. ಒಂದೊಂದರ ಮಡಿಲಲ್ಲೂ ಒಂದೊಂದು ಹೆಸರು. ಎಲ್ಲಕ್ಕಿಂತ ಪುಟ್ಟ ನೆನಪಿನ ಮಡಿಲಲ್ಲಿ ಹೊನ್ನಿಯ ಹೆಸರು.

ಕೋಣೆಯ ಹೊರಗೆ ಕೆಂಪು ಹೊಳೆ. ಹೊಳೆಯ ತುಂಬ ಕೋಲು ಹಿಡಿದ ಬಿಳಿ ಕಾವಲುಗಾರರು. ಶೂರರೇನೋ ಹೌದು, ಆದರೆ ಶುದ್ಧ ದಡ್ಡರು. ಯಾರೇ ಎದುರಾಗಲಿ, "ಯಾರ ಮನೆಯೋರು ನೀವು?" ಎಂದು ಕೇಳುವುದು ಅವರ ಪದ್ಧತಿ. ಉತ್ತರ ಬಾರದಿದ್ದರೆ ಏಟು. ಕತ್ತಲ ಕೋಣೆಯ ಬಾಗಿಲು ಮಾತ್ರ ಅವರಿಗೆ ಯಾವತ್ತೂ ತೆರೆದಿರಲಿಲ್ಲ. ಒಂದೇ ಮನೆಯವರಾದರೂ ಅವರು ನೆನಪುಗಳ ಮುಖ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಹೊಳೆಯ ದಂಡೆ ಒಡೆಯಿತು. ಕೆಂಪು ನೀರು ಕೋಣೆಗೆ ನುಗ್ಗಿತು. ತಾತ ಅಂಗಳದಲ್ಲಿ ಕುಸಿದು ಬಿದ್ದ.

ಗಾಳಿ ಹೊನ್ನಿಯ ಹತ್ತಿರ ಬಂದು ಪಿಸುಗುಟ್ಟಿತು: "ತಾತನ ಹಣೆಗೆ ಕಿವಿ ಇಟ್ಟು ಕೇಳು ಕೂಸೆ. ಒಳಗೆ ಯಾರೋ ಓಡಾಡ್ತಾವ್ರೆ."

ಹೊನ್ನಿ ಕೇಳಿದಳು. ತಪ್, ತಪ್, ತಪ್. ಒದ್ದೆ ನೆಲದ ಮೇಲೆ ಕಾವಲುಗಾರರ ಹೆಜ್ಜೆ.

"ಯಾರ ಮನೆಯೋರು ನೀವು?"

ನೆನಪುಗಳು ಸುಮ್ಮನಿದ್ದವು. ಅವುಗಳನ್ನು ಯಾರೂ ಹಾಗೆ ಕೇಳಿರಲೇ ಇಲ್ಲ.

"ಬಾಯಿ ಬಿಡಲ್ವಾ? ಕಳ್ಳರು ಇವರು!"

ಏಟು ಬಿತ್ತು. ನೆನಪುಗಳು ಸದ್ದಿಲ್ಲದೆ ಉರುಳಿದವು. ಮಡಿಲಿನ ಹೆಸರುಗಳು ಕೆಂಪು ನೀರಿನಲ್ಲಿ ಕರಗಿದವು. ಏಟು ತಿಂದ ಗೋಡೆಗಳು ಊದಿಕೊಂಡವು. ಹೊಳೆ ಕೆಡಿಸಿದ್ದು ಸಾಲದು ಅಂತ ಕಾವಲಿನವರೂ ಕೆಡಿಸಿದರು.

ಹೊನ್ನಿಗೆ ಭಯವಾಯಿತು. ತಾತನ ಕಿವಿಗೆ ಬಾಯಿ ಇಟ್ಟು, "ತಾತಾ, ನಾನು ಹೊನ್ನಿ" ಎಂದಳು. ಮತ್ತೆ ಮತ್ತೆ ಅಂದಳು.

ಒಳಗೆ ಕೋಲು ಪುಟ್ಟ ನೆನಪಿನ ಮುಂದೆ ನಿಂತಿತ್ತು. "ಯಾರ ಮನೆಯೋರು ನೀವು?"

ಹೊರಗಿನ ದನಿ ಕೇಳಿಸಿಕೊಂಡ ನೆನಪು ಮಡಿಲನ್ನು ಬಿಗಿಯಾಗಿ ಅವುಚಿಕೊಂಡು ಹೇಳಿತು: "ಹೊನ್ನಿಯ ತಾತನ ಮನೆಯೋರು."

ಎತ್ತಿದ ಕೋಲು ಅಲ್ಲೇ ನಿಂತಿತು. "ಅಯ್ಯೋ, ನಾವೂ ಅದೇ ಮನೆಯೋರು!"

ಕಾವಲುಗಾರರು ತಾವು ಉರುಳಿಸಿದವರನ್ನು ತಿರುಗಿ ನೋಡಿದರು. ಆಮೇಲೆ ಕೋಲುಗಳನ್ನು ಸೀಳಿ, ಪೊರಕೆ ಕಟ್ಟಿ, ಹೆಪ್ಪುಗಟ್ಟಿದ ಕೆಂಪನ್ನು ಗುಡಿಸತೊಡಗಿದರು.

ಎಷ್ಟೋ ದಿನದ ಮೇಲೆ ತಾತ ಕಣ್ಣು ಬಿಟ್ಟ. ತನ್ನ ಹೆಸರೇ ಅವನಿಗೆ ನೆನಪಿರಲಿಲ್ಲ. ಸೊಟ್ಟ ಬಾಯಲ್ಲಿ "ಹೊನ್ನಿ" ಎಂದ, ಅಷ್ಟೆ.

ಕೋಣೆಯ ಬಾಗಿಲು ಮತ್ತೆ ಮುಚ್ಚಿತು. ಹಾಗಾಗಿ ಕಾವಲುಗಾರರಿಗೆ ಒಳಗಿನವರ ಗುರುತು ಇವತ್ತಿಗೂ ಇಲ್ಲ. ಯಾರ ತಲೆಯಲ್ಲಿ ಹೊಳೆ ಒಡೆದರೂ ಮೊದಲು ಕೋಲು ಹಿಡಿದೇ ಬರುತ್ತಾರೆ, ಪೊರಕೆ ಆಮೇಲೆ.

ಅದಕ್ಕೇ ಪುಟ್ಟೀ, ನಿನ್ನ ತಾತ ನಿನ್ನನ್ನು ನೋಡಿಯೂ ಸುಮ್ಮನೆ ಮಲಗಿದ್ದಾರೆ. ಒಳಗೆ ಕಾವಲುಗಾರರ ಕೈಗೆ ಇನ್ನೂ ಪೊರಕೆ ಬಂದಿಲ್ಲವೇನೋ, ನೀನು ಹೋಗಿ ಕಿವಿಯಲ್ಲಿ ನಿನ್ನ ಹೆಸರು ಹೇಳು.